ಹುಟ್ಟು

ಬಿ.ಎಂ. ರಸ್ತೆಯ ಟ್ರಾವೆಲ್ಸಿನವನು ಕೊಟ್ಟ ಹಾಳೆಯಲ್ಲಿ
'ಎಲ್ಲ ವಯಸ್ಸಿನವರಿಗೂ ಮೆತ್ತನೆಯ ಸಾಹಸ' ಅಂತ ಇತ್ತು.
ಮೆತ್ತನೆಯದು ಅಂದರೆ ಹೆಂಗಪ್ಪ, ಇಡ್ಲಿ ಥರವಾ,
ಅಂದರು ಅತ್ತೆ, ಲೂರ್ದಮ್ಮ, ಎಪ್ಪತ್ತಮೂರು,
ಒಂದು ಮಂಡಿ ತಮ್ಮದು, ಇನ್ನೊಂದು ಮಂಗಳೂರಿನ ಡಾಕ್ಟರದು.

ವಿಯೆಟ್ನಾಮು. ಏಳು ರಾತ್ರಿ, ಎಂಟು ಹಗಲು.
ನಾಲ್ಕು ವರ್ಷದ ಚೀಟಿ ದುಡ್ಡು.
ಇವರಿಗೆ ಗುಹೆ ನೋಡಬೇಕು, ಮಗಳಿಗೆ ಗದ್ದೆಬದುವಿನ ಮೇಲೆ
ಸೈಕಲ್ಲು ಹೊಡೆಯಬೇಕು; ಚಿಕ್ಕವನು ಬೆನ್ನಿ
ಹೋಟೆಲ್ಲಿನ ಲಿಫ್ಟಿಗಾಗಿ ಮಾತ್ರ ಬರುತ್ತಾನೆ.
ನನಗೆ? ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಪಾಸ್‌ಪೋರ್ಟಿನ ಕೌಂಟರಿನಲ್ಲಿ ಅತ್ತೆಯ ಬೆರಳಚ್ಚು ಮೂಡಲಿಲ್ಲ.
ನಲವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆದ ಬೆರಳು.
ಗಾಜನ್ನು ಸೆರಗಿನಲ್ಲಿ ಒರೆಸಿ, ಒತ್ತಿ, ಮತ್ತೆ ಒರೆಸಿ,
'ಗೆರೆ ಎಲ್ಲಿ ಅಜ್ಜಿ' ಅಂದ ಹುಡುಗನಿಗೆ
'ಸರ್ಕಾರಿ ಬಕೆಟ್ಟಿನಲ್ಲಿ ಹೋಯ್ತು, ಹುಡುಕ್ಕೊಳ್ಳಿ' ಅಂದರು.
ಐದನೆಯ ಸಲಕ್ಕೆ ಹೆಬ್ಬೆರಳು ಒಪ್ಪಿತು.
ಹುಟ್ಟಿದ ತಾರೀಖಿಗೆ ಚರ್ಚಿನ ಜ್ಞಾನಸ್ನಾನದ ಪುಸ್ತಕ:
ಮಳೆಗಾಲ ಅಂತ ಅವರ ನೆನಪು; ಪುಸ್ತಕ ಫೆಬ್ರವರಿ ಅಂದಿತು.
ಪುಸ್ತಕ ಗೆದ್ದಿತು.

ಆಮೇಲೆ ಒಪ್ಪಿಗೆಪತ್ರ, ಮೂರು ಪುಟ.
ಹೃದಯದ ತೊಂದರೆ ಇದೆಯೇ. ತಲೆಸುತ್ತು ಬರುತ್ತದೆಯೇ.
ನಿಮ್ಮ ಮಾವ ತೀರಿಕೊಂಡ ವರ್ಷ ಬರ್ತಿತ್ತು, ಬರಕೊ.
ಈಜು ಬರುತ್ತದೆಯೇ.
ಹೊಳೆದಂಡೆಯವಳನ್ನ ಏನಂತ ಕೇಳ್ತಾರೆ ನೋಡು.
ಬರುತ್ತಾ ಹಂಗಾದ್ರೆ?
ಇಲ್ಲ.

ನಾಲ್ಕನೆಯ ದಿನದ ಚಿತ್ರದ ಮೇಲೆ ಅವರ ಬೆರಳು ನಿಂತಿತು:
ದುಂಡನೆಯ ಬಿದಿರುಬುಟ್ಟಿ ದೋಣಿ, ಅದರಲ್ಲೊಂದು ಬಿಳಿಯರ ಕುಟುಂಬ,
ಕಿತ್ತಳೆ ಜಾಕೀಟು, ಬಾಯಿ ತುಂಬ ಹಲ್ಲು.
ತಲೆಗೆ ಎಂಟುನೂರು ರೂಪಾಯಿ.
ನಾನು ಕಾದೆ, ಇದೇನೇ, ನಮ್ಮ ಹರಿಗೋಲು, ಇದಕ್ಕೆ ಅಷ್ಟು ದೂರವಾ
ಅನ್ನುತ್ತಾರೆ ಅಂತ. ಇವರೂ ಅದನ್ನೇ ಕಾದು, ಮೊದಲೇ ನಕ್ಕರು.

ಅತ್ತೆ ನಗಲಿಲ್ಲ.
ಅಣೆಕಟ್ಟು ಬರೋಕೆ ಮುಂಚೆ, ಅಂದರು,
ಹೇಮಾವತಿ ದಾಟಿದ್ದೀನಿ ಸಾವಿರ ಸಲ.
ಹುಲ್ಲಿನ ಹೊರೆ ಜೊತೆ, ಮಡಿಲಲ್ಲಿ ಮೇಕೆಮರಿ ಇಟ್ಕೊಂಡು,
ಒಂದ್ಸಲ ನೋವು ತಿನ್ನೋ ನಾದಿನಿ ತಲೆ ತೊಡೆ ಮೇಲೆ.
ಅಂಬಿಗರ ಸಣ್ಣಯ್ಯ ಒಂದಿನಾನೂ ಹುಟ್ಟು ಕೈಗೆ ಕೊಡಲಿಲ್ಲ.
ಹೆಂಗಸು ಮುಟ್ಟಿದರೆ ಹೊಳೆ ಸುಳಿ ತೆಗೀತದೆ ಅನ್ನೋನು.
ಹತ್ತೋದು, ಕುಕ್ಕರುಗಾಲಲ್ಲಿ ಕೂರೋದು, ಇಳಿಯೋದು.
ಇಳಿದ ಮೇಲೆ ತಿರುಗಿ ನೋಡಕ್ಕೆ ಪುರುಸೊತ್ತೆಲ್ಲಿ.
ಅಲ್ಲಿ ಹುಟ್ಟು ಕೊಡ್ತಾರಾ, ಕೇಳು.

ಫೋನು ಮಾಡಿದೆ. ಆ ಕಡೆ ಪುಟ ತಿರುವಿದ ಸದ್ದು.
ಕೊಡ್ತಾರಂತೆ ಮೇಡಂ, ಹತ್ತು ನಿಮಿಷ, ದಡದ ಹತ್ತಿರ,
ಇನ್‌ಶೂರೆನ್ಸ್ ಇದೆ.
ಹತ್ತೇನಾ, ಅಂದರು ಅತ್ತೆ. ಸ್ವಲ್ಪ ಹೊತ್ತು ಬಿಟ್ಟು, ಸಾಕು.

ಈಗ ಪೆನ್ಷನ್ ಮೊಹಲ್ಲದ ನಮ್ಮ ಅಡಿಗೆಮನೆಯಲ್ಲಿ
ಸಂಜೆ ಏಳಕ್ಕೆ ಹಿಟ್ಟು ಬೇಯುತ್ತದೆ.
ಮಂಡಿಯ ನೆವದಲ್ಲಿ ಎರಡು ವರ್ಷ ಒಲೆ ಬಿಟ್ಟಿದ್ದವರು
ಮುದ್ದೆಕೋಲು ನನ್ನ ಕೈಯಿಂದ ಕಸಿದು
ಕಾಲಗಲಿಸಿ ನಿಲ್ಲುತ್ತಾರೆ, ಬಿಳಿ ಕ್ಯಾನ್ವಾಸ್ ಶೂ ಬೇರೆ,
ಪಾದ ಹೊಂದಿಕೊಳ್ಳಲಿ ಎಂದು.
ತಿರುವೋದಲ್ಲ, ತನ್ನ ಕಡೆಗೆ ಎಳಕೋಬೇಕು,
ಸಣ್ಣಯ್ಯ ಹಂಗೇ ಮಾಡೋನು, ಕದ್ದು ನೋಡಿದ್ದೆ.
ಎಡಕ್ಕೊಂದು, ಬಲಕ್ಕೊಂದು.
ಬೆನ್ನಿ ಕಟ್ಟೆಯ ಮೇಲೆ ಕೂತು
ಬಂಡೆ ಬಂತು ಅಜ್ಜಿ, ಬಂಡೆ, ಅಂತ ಕಿರುಚುತ್ತಾನೆ.
ಪಾತ್ರೆ ಒಲೆಯ ಮೇಲೆ ಅರ್ಧ ಸುತ್ತು ಸುತ್ತುತ್ತದೆ.

ಇವತ್ತಿನ ಮುದ್ದೆಯಲ್ಲಿ ಗಂಟು. ಯಾರೂ ಮಾತಾಡಲಿಲ್ಲ.
ನಾನು ಎರಡನೆಯದು ಹಾಕಿಸಿಕೊಂಡು, ಕೈ ತೊಳೆದು,
ಹಾಳೆಯ ಹಿಂದೆ, ನನ್ನ ಹೆಸರಿನ ಮುಂದೆ
ಖಾಲಿ ಬಿಟ್ಟಿದ್ದ ಜಾಗದಲ್ಲಿ ಬರೆದೆ:
ಅವರ ದೋಣಿಯಲ್ಲೇ.